ನಡೆಯದ ರೊಕ್ಕ

“ಇದು ಏನೇನ್ ತಂತು, ತಮ್ಮಾ?”

ದೊಡ್ಡವ್ವ ಹೀಗೆ ಕೇಳಿ ಏಳು ವರ್ಷವಾಯಿತು. ಹುಲಿಗಿಯ ಅವಳ ಮನೆಯ ಕಟ್ಟೆಯ ಮೇಲೆ ಒಗೆದ ಪಂಚೆ ಹಾಸಿ 1950ರ ಪ್ರೂಫ್ ಸೆಟ್ಟನ್ನು, ಅಂದರೆ ನಡೆಸಲಿಕ್ಕಲ್ಲದೆ ಕೂಡಿಡಲಿಕ್ಕೆಂದೇ ಹೊಡೆದ ನಾಣ್ಯಗಳನ್ನು, ಬಿಚ್ಚಿಟ್ಟಿದ್ದೆ. ರೂಪಾಯಿ, ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ, ಅರ್ಧಾಣೆ, ಕೊನೆಗೆ ಆಣೆಯ ಕಾಲು ಭಾಗದ ಒಂದು ಪೈಸೆ. ಒಟ್ಟು ಏಳು ಬಿಲ್ಲೆ. ದೇಶ ಗಣರಾಜ್ಯವಾದ ವರ್ಷದ ಅಚ್ಚು, ಮುಂಬಯಿ ಟಂಕಸಾಲೆಯದು. ಒಂದೇ ಸಲ ಕೊಂಡ ಸೆಟ್ಟಲ್ಲ. ಹನ್ನೊಂದು ವರ್ಷ, ಒಂದು ವರ್ಷ ಬೋನಸ್, ಇನ್ನೊಂದು ವರ್ಷ ಹಬ್ಬದ ಮುಂಗಡ, ಹೀಗೆ ಕೂಡಿಸಿ ಕೂಡಿಸಿ ಒಂದೊಂದೇ ತಂದು ಏಳು ಮಾಡಿದ್ದೆ. ಆ ದಿನ ನನಗೆ ಹಿಗ್ಗು. ಮನೆಯಲ್ಲಿ ಎಲ್ಲರಿಗಿಂತ ಹಿರಿಯಳು, ಈ ನಾಣ್ಯಗಳ ಕಾಲವನ್ನು ಕಣ್ಣಾರೆ ಕಂಡವಳು, ಅವಳಿಗೆ ತೋರಿಸಬೇಕು ಅಂತ ಗಂಗಾವತಿಯಿಂದ ಬಸ್ಸು ಹತ್ತಿ ಹೋಗಿದ್ದೆ.

ಬೆಲೆ ಕೇಳುತ್ತಾಳೆ ಅಂದುಕೊಂಡಿದ್ದೆ. ನಾಣ್ಯ ತೋರಿಸಿದರೆ ಯಾರಾದರೂ ಮೊದಲು ಕೇಳುವುದು ಅದನ್ನೇ. ದೊಡ್ಡವ್ವ ಕೇಳಿದ್ದು, ಇದು ಏನೇನು ತಂತು ಅಂತ. ಅಂದರೆ ಇದನ್ನು ಕೊಟ್ಟು ಯಾರು ಏನು ಕೊಂಡರು, ಯಾವ ಸಂತೆಯಲ್ಲಿ ಕೈ ಬದಲಾಯಿತು ಅಂತ.

“ಏನೂ ತಂದಿಲ್ಲ ದೊಡ್ಡವ್ವ. ಇವು ಬಜಾರಕ್ಕ ಹೋಗೇ ಇಲ್ಲ.”

“ಒಂದು ಮೆಣಸಿನಕಾಯಿನೂ ತಂದಿಲ್ಲ?”

“ಇಲ್ಲ.”

“ಹಂಗಾರ ಇದು ನಡದ ರೊಕ್ಕ ಅಲ್ಲ ಬಿಡು. ಪಾಪ.”

ಆ ‘ಪಾಪ’ ನನಗೆ ಹೇಳಿದ್ದಲ್ಲ, ನಾಣ್ಯಕ್ಕೆ ಹೇಳಿದ್ದು. ಮದುವೆಯಾಗದೆ ಮನೆಯಲ್ಲೇ ಉಳಿದ ಹುಡುಗಿಯ ಬಗ್ಗೆ ಮಾತಾಡುವಾಗ ಹೊರಡುವಂಥ ದನಿ. ಮನೆಗೆ ಬಂದು ಸೆಟ್ಟನ್ನು ಕಪಾಟಿನಲ್ಲಿಟ್ಟೆ. ಆಮೇಲೆ ಎಷ್ಟೋ ದಿನ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ನಮ್ಮ ಭಾಷೆಯಲ್ಲಿ ರೊಕ್ಕ ನಡೆಯುತ್ತದೆ. “ಈ ನೋಟು ನಡೆಯಂಗಿಲ್ರಿ” ಅಂತ ಕೌಂಟರಿನಲ್ಲಿ ಕೂತು ನಾನೇ ದಿನಕ್ಕೆ ಹತ್ತು ಸಲ ಅನ್ನುತ್ತೇನೆ. ಚಲಾವಣೆ ಅನ್ನುವ ಪದದಲ್ಲೂ ಇರುವುದು ಚಲನೆಯೇ. ನಡೆದು ನಡೆದು ಸವೆದರೆ ಸವಕಲು. ಹಾಗಾದರೆ ನಡೆಯಲಿಕ್ಕೆಂದು ಹುಟ್ಟದ ನಾಣ್ಯ ಯಾವ ಲೆಕ್ಕಕ್ಕೆ? ಅದನ್ನು ಹುಡುಕಿಕೊಂಡು ಹೋಗಿ ಸಂಬಳ ಸುರಿಯುವ ನಾನು ಏನನ್ನು ಕೂಡಿಡುತ್ತಿದ್ದೇನೆ?

ಕುದುರೆಯ ಜೂಲು

ಪ್ರೂಫ್ ಅಂದರೆ ತುಂಬ ಚೆನ್ನಾಗಿ ಉಳಿದ ನಾಣ್ಯ ಅಂತ ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಅದು ಸ್ಥಿತಿಯ ಹೆಸರಲ್ಲ, ತಯಾರಿಸುವ ಬಗೆಯ ಹೆಸರು. ಪ್ರೆಸ್ಸಿನವರು ಪುಸ್ತಕಕ್ಕೆ ಮೊದಲು ಪ್ರೂಫ್ ತೆಗೆದು ನೋಡುತ್ತಾರಲ್ಲ, ಟಂಕಸಾಲೆಯಲ್ಲೂ ಮೊದಲಿಗೆ ಇದು ಅದೇ ಆಗಿತ್ತು: ಅಚ್ಚು ಸರಿಯಾಗಿ ಬಂದಿದೆಯೇ ಅಂತ ಹೊಡೆದು ನೋಡುವ ನಮೂನೆ. ಬರಬರುತ್ತ ಸಂಗ್ರಾಹಕರಿಗೆ, ಗಣ್ಯರಿಗೆ ಕೊಡಲಿಕ್ಕೆಂದೇ ಹೊಡೆಯುವ ಪದ್ಧತಿ ಬೆಳೆಯಿತು. ಬಜಾರದ ನಾಣ್ಯ ಒಂದೇ ಏಟಿಗೆ ಹುಟ್ಟಿ, ತನ್ನಂಥ ಸಾವಿರಾರು ಬಿಲ್ಲೆಗಳ ಮೇಲೆ ಬಿದ್ದು, ಚೀಲ ಸೇರುವಷ್ಟರಲ್ಲಿ ಮೈತುಂಬ ಗೀರು ಮಾಡಿಕೊಂಡಿರುತ್ತದೆ. ಪ್ರೂಫ್‌ಗೆ ಅಚ್ಚನ್ನೂ ತಿಕ್ಕಿ ಹೊಳಪು ಕೊಡುತ್ತಾರೆ, ಖಾಲಿ ಬಿಲ್ಲೆಯನ್ನೂ ಹೊಳಪು ಮಾಡುತ್ತಾರೆ. ನಿಧಾನವಾಗಿ, ಹೆಚ್ಚಿನ ಒತ್ತಡದಲ್ಲಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ, ಒಂದೊಂದನ್ನೇ ಕೈಯಿಂದ ಎತ್ತಿಡುತ್ತಾರೆ. ಹಾಗಾಗಿ ಚಿತ್ರದ ಸುತ್ತಲಿನ ಬಯಲು ಕನ್ನಡಿಯಂತೆ, ಅಂಚು ಚಾಕುವಿನ ಬಾಯಿಯಂತೆ.

ನನ್ನ ಸೆಟ್ಟಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಎಲ್ಲಕ್ಕಿಂತ ಅಗ್ಗದ ಬಿಲ್ಲೆ: ಒಂದು ಪೈಸೆ, ಕಂಚಿನದು, ಮೇಲೆ ಕುದುರೆ. ಭಾನುವಾರ ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಮನೆಯ ಮೂಡಣ ಕಿಟಕಿಯಲ್ಲಿ ಬಿಸಿಲು ಓರೆಯಾಗಿ ಬೀಳುತ್ತದೆ. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ, ಪೈಸೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿಯನ್ನು ಕಣ್ಣಿಗೊತ್ತಿ ನೋಡುತ್ತೇನೆ. ಮೊದಲು ಕಾಣುವುದು ಕುದುರೆಯ ಕುತ್ತಿಗೆಯ ಜೂಲು. ಆಮೇಲೆ ಕಾಲಿನ ಕೀಲುಗಳು. ಕಿಟಕಿಯತ್ತ ಸ್ವಲ್ಪ ವಾಲಿಸಿದರೆ ಬಯಲು ಕಪ್ಪಾಗುತ್ತದೆ, ಕುದುರೆ ಮಾತ್ರ ಬೆಳಕಿಗೆ ಬರುತ್ತದೆ. ಇನ್ನಷ್ಟು ವಾಲಿಸಿದರೆ ಬಯಲಿನಲ್ಲಿ ಕೂದಲಿಗಿಂತ ಸಣ್ಣ ಗೆರೆಗಳು. ಆ ಗೆರೆಗಳಲ್ಲಿ ಎರಡು ಜಾತಿ. ಮೈಯಿಂದ ಮೇಲೆದ್ದ ಗೆರೆಯಾದರೆ ಅಚ್ಚನ್ನು ತಿಕ್ಕುವಾಗ ಅಚ್ಚಿನ ಮೇಲೆ ಆದ ಗೀರು. ಅದು ನಾಣ್ಯದ ಜೊತೆಗೇ ಹುಟ್ಟಿದ್ದು, ಟಂಕಸಾಲೆಯ ಕೆಲಸಗಾರನ ಕೈ ಅದು. ಮೈಯೊಳಗೆ ಇಳಿದ ಗೆರೆಯಾದರೆ ಆಮೇಲೆ ಯಾರೋ ಬಟ್ಟೆಯಿಂದ ಒರೆಸಿದ್ದು, ಅದು ಗಾಯ. ಈ ಭೇದ ಕಣ್ಣಿಗೆ ಹತ್ತಲು ನನಗೆ ಎರಡು ವರ್ಷ ಹಿಡಿಯಿತು. ಹತ್ತಿದ ಮೇಲೆ ಮರೆಯುವುದಿಲ್ಲ.

ನಾನು ಸಹಕಾರಿ ಬ್ಯಾಂಕೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಕ್ಯಾಷಿಯರ್. ಗಂಗಾವತಿ ಭತ್ತದ ಊರು. ಸುಗ್ಗಿಯಲ್ಲಿ ನಮ್ಮ ಕೌಂಟರಿಗೆ ಬರುವ ನೋಟಿಗೆ ತೌಡಿನ ವಾಸನೆ ಇರುತ್ತದೆ. ಬೆವರು, ಎಣ್ಣೆ, ಅರಿಷಿಣ, ತಂಬಾಕು, ಎಲ್ಲವೂ ರೊಕ್ಕದ ಮೇಲೆ ಹತ್ತಿ ನನ್ನ ಬೆರಳಿಗೆ ಬರುತ್ತವೆ. ಸವೆದ ರೊಕ್ಕದ ಬಗ್ಗೆ ನನಗೆ ಹೇವರಿಕೆ ಇಲ್ಲ, ಅದರಿಂದಲೇ ನನ್ನ ಮನೆ ನಡೆದಿದೆ. ಆದರೆ ದಿನವಿಡೀ ಮೂಗು ಹೋದ ಸಿಂಹ, ಕಿವಿ ಹೋದ ಸಿಂಹ ಎಣಿಸಿದವನಿಗೆ, ಈ ಚಿತ್ರ ಕೆತ್ತಿದವನು ನಿಜಕ್ಕೂ ಏನು ಕೆತ್ತಿದ್ದ ಅನ್ನುವುದನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ. ಪ್ರೂಫ್ ಹುಚ್ಚು ನನಗೆ ಹಿಡಿದದ್ದು ಅಲ್ಲಿಂದ.

ಹೊಳಿ ದಾಟಿದರ ಬ್ಯಾರೆ ರೊಕ್ಕ

ಅವತ್ತು ದೊಡ್ಡವ್ವ ಅಷ್ಟಕ್ಕೇ ಸುಮ್ಮನಾಗಲಿಲ್ಲ. ರೂಪಾಯಿಯನ್ನು ಎತ್ತಿಕೊಂಡು ಕಟ್ಟೆಯ ಕಲ್ಲಿಗೆ ಬಡಿಯಲು ಹೋದಳು. ನಾನು ಕೈ ಹಿಡಿದೆ. “ದನಿ ನೋಡ್ತೀನಿ ಬಿಡೋ” ಅಂದಳು. ಅವಳು ಚಿಕ್ಕವಳಿದ್ದಾಗ ರೂಪಾಯಿಯನ್ನು ಕಲ್ಲಿಗೆ ಬಡಿಯದೆ ಯಾರೂ ಗಂಟಿಗೆ ಕಟ್ಟುತ್ತಿರಲಿಲ್ಲ. ಬೆಳ್ಳಿಯಾದರೆ ಗಂಟೆಯ ಹಾಗೆ ದನಿ ಎಳೆಯುತ್ತದೆ, ಖೋಟಾ ಆದರೆ ಠಕ್ ಅಂದು ಸುಮ್ಮನಾಗುತ್ತದೆ. ಇದು ನಿಕಲ್ ಅಂದೆ. “ಬೆಳ್ಳಿ ಹ್ವಾದ ಮ್ಯಾಲ ರೂಪಾಯಿಗೆ ದನಿ ಎಲ್ಲೈತಿ” ಅಂತ ಅದನ್ನು ಪಂಚೆಯ ಮೇಲೆ ವಾಪಸ್ಸಿಟ್ಟಳು. ಅವಳ ಮಾತು ಸರಿ. ಬ್ರಿಟಿಷರ ರೂಪಾಯಿಯಲ್ಲಿ ನೂರಕ್ಕೆ ತೊಂಬತ್ತೊಂದು ಪಾಲಿಗೂ ಮಿಕ್ಕಿ ಇದ್ದ ಬೆಳ್ಳಿ, ಎರಡನೇ ಮಹಾಯುದ್ಧದ ಹೊತ್ತಿಗೆ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ಬರೀ ನಿಕಲ್. ಅದರ ಒಂದು ಮಗ್ಗುಲಿಗೆ ದೊರೆ, ಇನ್ನೊಂದು ಮಗ್ಗುಲಿಗೆ ಹುಲಿ. ಸ್ವಾತಂತ್ರ್ಯ ಬಂದು ಮೂರು ವರ್ಷವಾದರೂ ದೊರೆಯ ನಾಣ್ಯಗಳೇ ನಡೆದವು. 1950ರ ಆಗಸ್ಟ್ 15ರಂದು ಹೊಸ ನಾಣ್ಯ ಬಂದಾಗ ದೊರೆಯ ಜಾಗಕ್ಕೆ ಅಶೋಕನ ಸಿಂಹ, ಹುಲಿಯ ಜಾಗಕ್ಕೆ ತೆನೆ.

ಆದರೆ ಇದು ಹೊಳೆಯ ಆಚೆಗಿನ ಕತೆ. ತುಂಗಭದ್ರೆಯ ಬಲದಂಡೆ, ಹೊಸಪೇಟೆ ಬಳ್ಳಾರಿ ಕಡೆ, ಮದ್ರಾಸ್ ಪ್ರಾಂತ. ಎಡದಂಡೆ, ನಮ್ಮ ಹುಲಿಗಿ ಮುನಿರಾಬಾದ್ ಕೊಪ್ಪಳ ರಾಯಚೂರು, ನಿಜಾಮನ ಹೈದರಾಬಾದ್ ಸಂಸ್ಥಾನ. ಅಲ್ಲಿ ಕಲ್ದಾರ್, ಇಲ್ಲಿ ನಿಜಾಮನ ರೊಕ್ಕ, ಹಾಲಿ ಸಿಕ್ಕಾ. ಕಲ್ ಅಂದರೆ ಯಂತ್ರ, ಯಂತ್ರದಲ್ಲಿ ಹೊಡೆದದ್ದು ಕಲ್ದಾರ್. ಬ್ರಿಟಿಷ್ ರೂಪಾಯಿಗೆ ನಮ್ಮ ಕಡೆ ಆ ಹೆಸರೇ ನಿಂತಿತು. ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಕಲ್ದಾರ್. ಡ್ಯಾಮಿನ ಕೆಲಸ 1945ರಲ್ಲಿ ಶುರುವಾಯಿತು, ಎರಡು ಸರ್ಕಾರ ಕೂಡಿ ಕಟ್ಟಿದ ಡ್ಯಾಮು. ದೊಡ್ಡವ್ವ ಹದಿನಾರರ ಹುಡುಗಿಯಾಗಿ ಅಲ್ಲಿ ಸುರ್ಕಿಯ ಬುಟ್ಟಿ ಹೊತ್ತವಳು. ಸುಟ್ಟ ಮಣ್ಣಿನ ಪುಡಿ, ಸುಣ್ಣ ಕಲಸಿ ಗಾರೆ ಮಾಡಿ ಕಲ್ಲು ಕೂಡಿಸುತ್ತಿದ್ದರು. ವಾರಕ್ಕೊಮ್ಮೆ ಬಟವಡೆ, ನಮ್ಮ ಕಡೆಯ ಬಟವಡೆ ಹಾಲಿಯಲ್ಲಿ. ಹೊಸಪೇಟೆ ಸಂತೆಗೆ ಹೋದರೆ ಅಂಗಡಿಯವನಿಗೆ ಕಲ್ದಾರೇ ಬೇಕು. ಬದಲಿಸಿಕೊಡುವವನು ವಟ್ಟ ಮುರಿದುಕೊಳ್ಳುತ್ತಿದ್ದ. ಸಾಲಿ ಮೆಟ್ಟಿಲು ಹತ್ತದ ದೊಡ್ಡವ್ವ ಅವನ ಕೈಯಲ್ಲಿ ಮೋಸ ಹೋಗಬಾರದು ಅಂತ ಲೆಕ್ಕವನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಕೊಂಡಿದ್ದಳು: “ಏಳಕ್ಕ ಆರು, ಹದಿನಾಕಕ್ಕ ಹನ್ನೆರಡು, ಇಪ್ಪತ್ತೊಂದಕ್ಕ ಹದಿನೆಂಟು…” ತೊಂಬತ್ತರ ಹತ್ತಿರ ಬಂದಾಗಲೂ ಅದು ತಡವರಿಸದೆ ಬರುತ್ತಿತ್ತು. ನನ್ನ ಮಗಳ ಹೆಸರು ಮಾತ್ರ ಎರಡು ಸಲ ಕೇಳಿದಳು.

ಅವಳ ಇನ್ನೊಂದು ಮಾತು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಹೊಸ ನಾಣ್ಯ ಬಂದಾಗ ದೊರೆಯ ಮುಖ ಇಲ್ಲ ಅಂತ ಜನ ಬೆರಗಾದರೇನು ಅಂತ ಕೇಳಿದೆ. “ಯಾವ ಮಕಾ? ನಮ್ಮ ರೊಕ್ಕದಾಗ ಮಕಾ ಎಲ್ಲಿತ್ತು? ಚಾರ್ಮಿನಾರ್ ಇತ್ತು” ಅಂದಳು. ಹೌದಲ್ಲ! ನಿಜಾಮನ ನಾಣ್ಯದಲ್ಲಿ ನಿಜಾಮನ ಮುಖವೇ ಇಲ್ಲ. ನಾಲ್ಕು ಮಿನಾರು, ಸುತ್ತ ಫಾರ್ಸಿ ಬರಹ. ಹೊಳೆಯ ಆಚೆಯವರಿಗೆ ರಾಜನ ತಲೆ ಹೋಗಿ ಸಿಂಹ ಬಂತು, ಈಚೆಯವರಿಗೆ ಕಟ್ಟಡ ಹೋಗಿ ಸಿಂಹ ಬಂತು. ಒಂದೇ ನಾಣ್ಯ, ಎರಡು ದಂಡೆಯಲ್ಲಿ ಎರಡು ಬದಲಾವಣೆ. ಗಣರಾಜ್ಯ ಅಂದಾಗ ನಾವು ಒಂದೇ ಕತೆ ಹೇಳಿಕೊಳ್ಳುತ್ತೇವೆ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ 17ರವರೆಗೆ ಈ ದಂಡೆ ಆ ಕತೆಯೊಳಗೆ ಇರಲೇ ಇಲ್ಲ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ನಾವು 1956ರಲ್ಲಿ. ಹಾಲಿ ಸಿಕ್ಕಾ ಕೈಬಿಟ್ಟು ಹೋಗಲು ಆ ದಶಕ ಮುಗಿಯಬೇಕಾಯಿತು.

ಅಷ್ಟರಲ್ಲಿ 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ರೂಪಾಯಿಗೆ ಹದಿನಾರಾಣೆಯ ಜಾಗದಲ್ಲಿ ನೂರು ಪೈಸೆ. ಜನಕ್ಕೆ ತಿಳಿಯಲಿ ಅಂತ ಬಿಲ್ಲೆಯ ಮೇಲೇ ‘ರೂಪಾಯಿಯ ನೂರನೇ ಭಾಗ’ ಅಂತ ಹಿಂದಿಯಲ್ಲಿ ಒತ್ತಿದ್ದರು. ಹಿಂದಿ ಓದಲು ಬಂದವರು ಹುಲಿಗಿಯಲ್ಲಿ ಎಷ್ಟು ಜನ ಇದ್ದಾರು? ದೊಡ್ಡವ್ವ ಎರಡನೇ ಹಾಡು ಕಲಿತಳು: ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಕಾಣೆಗೆ ಇಪ್ಪತ್ತೈದು. ಆಣೆಗೆ ಆರೂಕಾಲು ಬರಬೇಕಾದದ್ದು, ಕಾಲು ಪೈಸೆಯ ನಾಣ್ಯ ಇಲ್ಲವಲ್ಲ. “ಒಂದೊಂದ ಆಣೇದ ಸಾಮಾನ ತಂದ್ರ ನಮಗ ಲುಕ್ಸಾನ, ನಾಕಾಣೇದು ಕೂಡಿಸಿ ತಂದ್ರ ಸರಿಹೋಗ್ತಿತ್ತು. ಅಷ್ಟು ರೊಕ್ಕ ಒಮ್ಮೆಲೆ ಎಲ್ಲಿರ್ತಿತ್ತು ನಮ್ಮ ಹಂತ್ಯಾಕ?” ಮೂವತ್ತು ದಾಟದ ವಯಸ್ಸಿಗೆ ಹಾಲಿ, ಕಲ್ದಾರ್, ಸಿಂಹದ ಆಣೆ, ನಯಾ ಪೈಸೆ ಹೀಗೆ ನಾಲ್ಕು ರೊಕ್ಕ ಕಂಡವಳು ಅವಳು.

ಹೆಸರು ಸಿಕ್ಕಿದ ಊರು

ಇಲ್ಲೊಂದು ಮಾತು ಹೇಳಲೇಬೇಕು. ನಾಣ್ಯದ ಮೇಲಿನ ಸಿಂಹ ಉತ್ತರದ್ದು, ಸಾರನಾಥದ್ದು. ಆಣೆಯ ಹೋರಿ, ಪೈಸೆಯ ಕುದುರೆ, ಇವೂ ಆ ಕಂಬದ ಸಿಂಹಗಳ ಕೆಳಗೆ ಸುತ್ತ ನಡೆಯುವ ಪ್ರಾಣಿಗಳ ಪೈಕಿಯವೇ. ಆದರೆ ಅಶೋಕ ಅನ್ನುವ ಹೆಸರು ಖಚಿತವಾದದ್ದು ನಮ್ಮಲ್ಲಿ. ‘ದೇವಾನಾಂಪ್ರಿಯ’ ಅಂತ ಶಾಸನಗಳು ಹೇಳುವ ರಾಜ ಅಶೋಕನೇ ಅಂತ ವಿದ್ವಾಂಸರು ಊಹಿಸಿದ್ದರೂ ಗಟ್ಟಿ ಸಾಕ್ಷಿ ಸಿಗದಿದ್ದಾಗ, ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಬಂಡೆ ಕಂಡ. ಅದರ ಮೇಲೆ ದೇವಾನಾಂಪ್ರಿಯನ ಜೊತೆಗೆ ಅಶೋಕ ಅನ್ನುವ ಹೆಸರೂ ಇತ್ತು. ಕೊಪ್ಪಳದಲ್ಲೂ ಗವಿಮಠದ ಬೆಟ್ಟ, ಪಾಲ್ಕಿಗುಂಡು ಎರಡು ಕಡೆ ಅವನ ಶಾಸನಗಳಿವೆ. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಮೇಲೆ ಹತ್ತಿ ಆ ಬಂಡೆ ನೋಡುವವರು ಕಡಿಮೆ. ನಾನು ಮಸ್ಕಿಗೆ ಹೋದಾಗ ಜೇಬಿನಲ್ಲಿ 1950ರ ಒಂದು ರೂಪಾಯಿ ಇತ್ತು, ಪ್ರೂಫ್ ಅಲ್ಲ, ಬಜಾರದ್ದು. ಕಂಬಿಯ ಈಚೆ ನಿಂತು ಅಂಗೈಯಲ್ಲಿ ಅದನ್ನು ಹಿಡಿದುಕೊಂಡೆ. ಅದನ್ನು ಯಾಕೆ ಒಯ್ದೆ ಅಂತ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಒಯ್ಯಬೇಕು ಅನ್ನಿಸಿತು.

ಪತ್ತಾರರ ಅಂಗಡಿ

ಈ ದಾರಿಯಲ್ಲಿ ನಾನು ಸುಟ್ಟುಕೊಂಡದ್ದೂ ಉಂಟು. 1950ರ ಸೆಟ್ಟು ಆದ ಮೇಲೆ 1954ರದ್ದಕ್ಕೆ ಕೈ ಹಾಕಿದೆ. ಆ ವರ್ಷವೂ ಪ್ರೂಫ್ ಹೊಡೆದಿದ್ದಾರೆ, ಆಮೇಲೆ 1960ರಿಂದ ನಯಾ ಪೈಸೆಯ ಪ್ರೂಫ್‌ಗಳು. ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ ಒಬ್ಬರ ಮೇಜಿನ ಮೇಲೆ 1954ರ ರೂಪಾಯಿ ಕಂಡಿತು. ಟ್ಯೂಬ್ ಲೈಟಿನ ಕೆಳಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಇನ್ನಿಬ್ಬರು ಅದನ್ನೇ ನೋಡುತ್ತಿದ್ದರು, ಕೈ ತಪ್ಪೀತು ಅಂತ ಅವಸರವಾಯಿತು. ಎರಡು ತಿಂಗಳ ಸಂಬಳದಷ್ಟು ಕೊಟ್ಟು ತಂದೆ. ರಾತ್ರಿ ಬಸ್ಸಿನಲ್ಲಿ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ನಿದ್ದೆ ಮಾಡದೆ ಬಂದೆ.

ಭಾನುವಾರದ ಬಿಸಿಲಿನಲ್ಲಿ ನೋಡಿದಾಗ ಮನಸ್ಸು ಒಪ್ಪಲಿಲ್ಲ. ಏನು ತಪ್ಪಿದೆ ಅಂತ ಹೇಳಲು ಬಾರದು, ಆದರೆ ಹೊಳಪು ಎಲ್ಲೋ ತೆಳ್ಳಗಿದೆ. ಗಾಂಧಿ ವೃತ್ತದಿಂದ ಒಳಗೆ, ಓಣಿಯಲ್ಲಿ ಒಬ್ಬರು ಪತ್ತಾರರಿದ್ದಾರೆ. ಮೂಗುತಿಗೆ ಹರಳು ಕೂಡಿಸುವುದರಲ್ಲಿ ನಮ್ಮ ಊರಿಗೇ ಹೆಸರಾದವರು. ಅವರ ಹತ್ತಿರ ಒಯ್ದೆ. ಅವರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದ್ದು ಬಯಲನ್ನಲ್ಲ, ಅಕ್ಷರಗಳ ಸಂದಿಯನ್ನು.

“ಸರ, ಇದು ಟಂಕಸಾಲಿ ಹೊಳಪಲ್ರಿ. ಇದು ನಮ್ಮ ಕೆಲಸ.”

ಅಂದರೆ, ಬಫ್. ಬೆಳ್ಳಿ ಸಾಮಾನಿಗೆ ಹೊಳಪು ಕೊಡುವ ತಿರುಗುವ ಬಟ್ಟೆಯ ಗಾಲಿ. ಅವರು ಸೂಜಿಯ ತುದಿಯಿಂದ ತೋರಿಸಿದರು, ನಾನು ಅವರ ಭುಜದ ಮೇಲಿಂದ ಬಗ್ಗಿ ನೋಡಿದೆ. ಗಾಲಿಯ ಬಟ್ಟೆ ಅಕ್ಷರ ಅಕ್ಷರದ ನಡುವಿನ ಸಂದಿಗೆ ಇಳಿಯುವುದಿಲ್ಲ, ಹಾಗಾಗಿ ಅಲ್ಲಿ ಹಳೆಯ ಮಬ್ಬು ಹಾಗೇ ಉಳಿದಿದೆ. ಮೇಲೆದ್ದ ಅಂಚುಗಳೆಲ್ಲ ತಿಕ್ಕಿಸಿಕೊಂಡು ದುಂಡಗಾಗಿವೆ. ನಿಜವಾದ ಪ್ರೂಫ್‌ನಲ್ಲಿ ಅಕ್ಷರದ ಗೋಡೆ ಬಯಲಿನಿಂದ ನೆಟ್ಟಗೆ ಏಳುತ್ತದೆ. ಸಿಂಹದ ಎದೆಯ ಕೂದಲು ಕರಗಿ ಒಂದಾಗಿತ್ತು. ಸಾಧಾರಣ ರೂಪಾಯಿಯೊಂದನ್ನು ಯಾರೋ ತಿಕ್ಕಿ ಪ್ರೂಫ್ ಮಾಡಿದ್ದರು. ಮಾರಿದವರಿಗೆ ಫೋನ್ ಮಾಡಿದೆ, ತಾವೂ ಇನ್ನೊಬ್ಬರಿಂದ ಕೊಂಡದ್ದು ಅಂದರು, ರೊಕ್ಕ ವಾಪಸ್ ಬರಲಿಲ್ಲ. ಮನೆಯಲ್ಲಿ ಹೇಳಲು ಆರು ತಿಂಗಳು ಬೇಕಾಯಿತು.

ಆ ರೂಪಾಯಿ ಈಗಲೂ ನನ್ನ ಬಳಿ ಇದೆ. ಹೊಸದಾಗಿ ನಾಣ್ಯ ಕೂಡಿಸಲು ಶುರುಮಾಡಿದ ಹುಡುಗರು ಬಂದರೆ ಮೊದಲು ತೋರಿಸುವುದು ಅದನ್ನೇ. ಜೊತೆಗೆ ಇನ್ನೆರಡು ಮಾತೂ ಹೇಳುತ್ತೇನೆ. ಮೊದಲನೆಯದು, ಬ್ರಿಟಿಷರ ಕಾಲದ ಎಷ್ಟೋ ನಾಣ್ಯಗಳನ್ನು ಮುಂಬಯಿ ಟಂಕಸಾಲೆಯೇ ಹಳೆಯ ವರ್ಷದ ಅಚ್ಚಿನಿಂದ ಸಂಗ್ರಾಹಕರಿಗಾಗಿ ಮತ್ತೆ ಹೊಡೆದುಕೊಟ್ಟಿದೆ, 1970ರವರೆಗೂ ಇದು ನಡೆದಿದೆ. ಹಾಗಾಗಿ ಹೊಳೆಯುವ ಹಳೆಯ ಬಿಲ್ಲೆ ಕಂಡ ಕೂಡಲೇ ಆ ವರ್ಷದ್ದೇ ಅಂತ ನಂಬಬೇಡಿ. ಎರಡನೆಯದು, ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆ ಕವರಿನಲ್ಲಿ ಇಡಬೇಡಿ. ನಮ್ಮ ರಾಯಚೂರು ಬಳ್ಳಾರಿ ಕಡೆಯ ಬೇಸಿಗೆಗೆ ಆ ಪ್ಲಾಸ್ಟಿಕ್ ಬೆವರುತ್ತದೆ, ಕಂಚಿನ ಮೇಲೆ ಹಸಿರು ಅಂಟು ಕೂರುತ್ತದೆ. ಕೂತರೆ ಅಸಿಟೋನಿನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಹುಣಸೆಹಣ್ಣು, ಬೂದಿ, ಹಲ್ಲುಪುಡಿ ಯಾವುದೂ ಬೇಡ. ದೀಪಾವಳಿಯ ಲಕ್ಷ್ಮೀಪೂಜೆಗೆ ನಾಣ್ಯ ತೊಳೆಯುವ ಮನೆಗಳಲ್ಲಿ ಪ್ರೂಫ್ ಬಿಲ್ಲೆಯನ್ನು ಆ ತಟ್ಟೆಯ ಹತ್ತಿರವೂ ಸುಳಿಯಗೊಡಬೇಡಿ. ದೇವಿಗೆ ಇಡಲು ಬೇರೆ ರೊಕ್ಕ ಇದೆ.

ಹೆಬ್ಬೆರಳು

ದೊಡ್ಡವ್ವನ ಕಟ್ಟೆಗೆ ಮತ್ತೆ ಬರುತ್ತೇನೆ. ರೂಪಾಯಿಯನ್ನು ಬಡಿಯಗೊಡದ ಮೇಲೆ ಅವಳು ಪೈಸೆ ಎತ್ತಿಕೊಂಡಿದ್ದಳು. ಅಂಚು ಹಿಡಿ ಅಂತ ನಾನು ಹೇಳುವಷ್ಟರಲ್ಲಿ ಹೆಬ್ಬೆರಳು ಕುದುರೆಯ ಮೇಲೆ ಕೂತಿತ್ತು. ಎಲೆಗೆ ಸುಣ್ಣ ಹಚ್ಚಿದ ಬೆರಳು. ಬಿಸಿಲಿಗೆ ಹಿಡಿದು, ಕಣ್ಣು ಸಣ್ಣ ಮಾಡಿ ನೋಡಿದಳು. ರೂಪಾಯಿಯ ತೆನೆಯನ್ನು ಅವಳು ಮೊದಲೇ “ಸಜ್ಜಿ ತೆನಿ” ಅಂದುಬಿಟ್ಟಿದ್ದಳು, ನಾನು ತಿದ್ದಲಿಲ್ಲ. ಕುದುರೆ ನೋಡಿ, “ಇದಕ್ಕ ಕೂದಲಾ ಇತ್ತೇನ? ನಾ ಕಂಡ ಪೈಸಾದಾಗ ಇರಲಿಲ್ಲ” ಅಂದಳು.

ಆ ಬೆರಳಿನ ಗುರುತು ಆಗ ಕಾಣಲಿಲ್ಲ. ಎಂಟು ತಿಂಗಳಾದ ಮೇಲೆ ಪೆಟ್ಟಿಗೆ ತೆರೆದಾಗ ಕುದುರೆಯ ಹೊಟ್ಟೆಯಿಂದ ಅಂಚಿನವರೆಗೆ ಕಂದು ಬಣ್ಣದ ಸುರುಳಿ ಗೆರೆಗಳು ಎದ್ದಿದ್ದವು. ಅವತ್ತೇ ಅಸಿಟೋನಿನಲ್ಲಿ ಅದ್ದಿದ್ದರೆ ಹೋಗುತ್ತಿತ್ತು. ಈಗ ಲೋಹದೊಳಗೆ ಇಳಿದಿದೆ, ಹೋಗುವುದಿಲ್ಲ. ಕೆಲವರು ಸಮಾಧಾನ ಹೇಳಿದರು, ಅಜ್ಜಿಯ ಗುರುತು ಅಲ್ಲವೇ, ಅದರಿಂದ ನಾಣ್ಯಕ್ಕೆ ಬೆಲೆ ಹೆಚ್ಚಿತು ಅಂತ. ನಾನು ಹಾಗೆ ಅನ್ನಲಾರೆ. ಅದು ಹಾನಿಯೇ. ದೊಡ್ಡವ್ವನ ಮೇಲೆ ನನಗಿದ್ದ ಪ್ರೀತಿ ಬೇರೆ, ಕುದುರೆಗೆ ಆದ ಗಾಯ ಬೇರೆ. ಎರಡನ್ನೂ ಬೆರೆಸಿದರೆ ಎರಡಕ್ಕೂ ಅನ್ಯಾಯ. ನಾಲ್ಕು ದಿನ ಅವಳ ಮೇಲೆ ಸಿಟ್ಟೂ ಬಂದಿತ್ತು.

ಆದರೆ ಅವಳ ಆ ಮಾತು, ‘ಇದಕ್ಕ ಕೂದಲಾ ಇತ್ತೇನ’ ಅನ್ನುವುದು, ಮೊದಲಿನ ಪ್ರಶ್ನೆಗೆ ನನ್ನ ಉತ್ತರವನ್ನು ತಂದುಕೊಟ್ಟಿತು. ಅವಳು ಆ ಪೈಸೆಯನ್ನು ವರ್ಷಗಟ್ಟಲೆ ಎಣಿಸಿದ್ದಾಳೆ. ಅದರಿಂದ ಉಪ್ಪು ತಂದಿದ್ದಾಳೆ, ಎಲೆ ಅಡಿಕೆ ತಂದಿದ್ದಾಳೆ, ಹುಲಿಗೆಮ್ಮನ ಹುಂಡಿಗೆ ಹಾಕಿದ್ದಾಳೆ. ಆದರೂ ಕುದುರೆಗೆ ಜೂಲು ಇದ್ದದ್ದು ಅವಳಿಗೆ ಗೊತ್ತಿಲ್ಲ, ಯಾಕೆಂದರೆ ಅವಳ ಕೈಗೆ ಬರುವ ಹೊತ್ತಿಗೆ ಅದು ಹತ್ತು ಊರು ತಿರುಗಿ, ಸವೆದು ಬಂದಿರುತ್ತಿತ್ತು. ಹೊಸ ದೇಶ ತನ್ನ ರೊಕ್ಕದ ಮೇಲೆ ಏನು ಬರೆಯಬೇಕು ಅಂತ ಯೋಚಿಸಿ ಕೆತ್ತಿಸಿದ್ದನ್ನು ಕೆತ್ತಿದ ಹಾಗೇ ನೋಡಿದವರು ಮುಂಬಯಿ, ದಿಲ್ಲಿಯ ಕೆಲವೇ ಜನ. ನಮ್ಮ ಕಡೆಗೆ ಬಂದದ್ದು ಸವೆದ ಪ್ರತಿ. ನೀರಾವರಿ ಇರಲಿ, ಸಾಲಿ ಇರಲಿ, ರೈಲು ಇರಲಿ, ಎಷ್ಟೋ ವಿಷಯದಲ್ಲಿ ನಾವು ಇದನ್ನೇ ಕಂಡಿದ್ದೇವೆ. ಹಾಗಾಗಿ ಆ ಮೊದಲ ಪ್ರತಿಯ ಒಂದು ಸೆಟ್ಟಾದರೂ ಕೊಪ್ಪಳ ಜಿಲ್ಲೆಯಲ್ಲಿ ಇರಬೇಕು, ಇಲ್ಲಿಯ ಮಕ್ಕಳು ಅದನ್ನು ಭೂತಗನ್ನಡಿಯಲ್ಲಿ ನೋಡಬೇಕು ಅಂತ ನನ್ನ ಹಟ. ವರ್ಷಕ್ಕೆರಡು ಸಲ ಹತ್ತಿರದ ಸರ್ಕಾರಿ ಹೈಸ್ಕೂಲಿಗೆ ಒಯ್ಯುತ್ತೇನೆ. ಒಬ್ಬೊಬ್ಬರೇ ಬಂದು ಬಗ್ಗಿ ನೋಡುತ್ತಾರೆ. ಮುಟ್ಟಗೊಡುವುದಿಲ್ಲ.

ದೊಡ್ಡವ್ವ ಮೂರು ವರ್ಷದ ಹಿಂದೆ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಅಣ್ಣಂದಿರು ಅವಳ ಎಲೆ ಅಡಿಕೆ ಸಂಚಿಯನ್ನು ನನಗೆ ಕೊಟ್ಟರು, “ಇದರಾಗ ರೊಕ್ಕ ಅದಾವು, ನಿನಗ ಬೇಕಾಗ್ತಾವು” ಅಂತ. ಒಳಗಿನ ಸಣ್ಣ ಕಿಸೆಯಲ್ಲಿ ನಿಜಾಮನ ಕಾಲದ ತೂತಿನ ಎರಡು ಪೈ ಒಂದು, ನಯಾ ಪೈಸೆ ಐದು, ಮತ್ತೆ ಒಂದು ಪೈಸೆ, ಕುದುರೆಯದು. ವರ್ಷ ಓದಲು ಬಹಳ ಹೊತ್ತು ತಿಣುಕಬೇಕಾಯಿತು: 1950. ಜೂಲು ಇಲ್ಲ, ಕಿವಿ ಇಲ್ಲ, ಕಾಲು ಎರಡೋ ನಾಲ್ಕೋ ಹೇಳಲು ಬಾರದು. ಸುಣ್ಣ ಅಂಚಿಗೆ ಕಟ್ಟಿ ಕಲ್ಲಾಗಿತ್ತು.

ಎರಡನ್ನೂ ಪತ್ತಾರರ ಅಂಗಡಿಗೆ ಒಯ್ದೆ. ಅವರು ಎಲೆಕ್ಟ್ರಾನಿಕ್ ತಕ್ಕಡಿ ತೆಗೆದರು, ನಾನು ಹಳೆಯದರಲ್ಲೇ ತೂಗಿ ಅಂದೆ. ಗಾಜಿನ ಪೆಟ್ಟಿಗೆಯ ಸಣ್ಣ ತಕ್ಕಡಿ. ಈ ಪರಡೆಯಲ್ಲಿ ನನ್ನ ಪೈಸೆ, ಆ ಪರಡೆಯಲ್ಲಿ ದೊಡ್ಡವ್ವನದು. ನನ್ನದು ಕೆಳಗೆ ಇಳಿಯಿತು. ಪತ್ತಾರರು ಚಿಮಟದಿಂದ ಗುಲಗಂಜಿ ಎತ್ತಿ ದೊಡ್ಡವ್ವನ ಪರಡೆಗೆ ಒಂದು ಹಾಕಿದರು, ಸಾಲಲಿಲ್ಲ, ಇನ್ನೊಂದು ಹಾಕಿದರು. ಮುಳ್ಳು ನಡುವಿಗೆ ಬಂದು ನಿಂತಿತು.

“ಎರಡು ಗುಂಜಿ ಹೋಗೇತಿ ನೋಡ್ರಿ ಸರ” ಅಂದರು.

ಉಪ್ಪು, ಎಲೆ, ಅಡಿಕೆ, ಹುಲಿಗೆಮ್ಮನ ಹುಂಡಿ, ಹೊಸಪೇಟೆಯ ಸಂತೆ. ಏನೇನು ತಂತು ಅಂತ ಅವಳು ಕೇಳಿದ್ದು ಈ ಎರಡು ಗುಂಜಿಯನ್ನು. ಪತ್ತಾರರು ಗುಲಗಂಜಿಗಳನ್ನು ಡಬ್ಬಿಗೆ ಹಾಕಿದರು. ನಾನು ನನ್ನ ಪೈಸೆಯನ್ನು ಅಂಚು ಹಿಡಿದು ಕವರಿನೊಳಗಿಟ್ಟೆ, ಅವಳದನ್ನು ಬರಿಗೈಯಲ್ಲಿ ಎತ್ತಿ ಅಂಗಿ ಜೇಬಿಗೆ ಹಾಕಿಕೊಂಡೆ.